ಟಿಟ್ಟಿಭದ ತತ್ತಿಯೂ ಎಣ್ಣೆಯ ಹನಿಯೂ

ನಮ್ಮ ಪೂರ್ವಿಕರು ಎಣ್ಣೆಯನ್ನು 'ಸ್ನೇಹ'ವೆಂದು ಕರೆದರು. ಒಲವಿಗೂ ಅದೇ ಹೆಸರನ್ನಿತ್ತರು. ಒಣಗಿದುದನ್ನು ಮೆದುವಾಗಿಸುವುದು, ತಿಕ್ಕಿ ಸವೆಯುವುದನ್ನು ಕಾಯುವುದು, ಬೇರೆ ಬೇರೆಯಾದುದನ್ನು ಹೊಂದಿ ನಡೆಯುವಂತೆ ಮಾಡುವುದು ಎರಡಕ್ಕೂ ಸಹಜವಾದ ಗುಣವೆಂದು ಅವರು ಬಗೆದಿರಬೇಕು. ಹಸುಗೂಸಿನ ಮೈಗೆ ಎಣ್ಣೆ ನೀವುವ ಅಜ್ಜಿಯ ಕೈ, ದೀಪಾವಳಿಯ ಅಭ್ಯಂಜನ, ದೇವರ ಮುಂದಿನ ನಂದಾದೀಪ, ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ, ಇವೆಲ್ಲವೂ ನಮ್ಮ ಬದುಕಿನಲ್ಲಿ ಎಣ್ಣೆಗಿರುವ ಸ್ಥಾನವನ್ನು ಹೇಳುತ್ತವೆ. ಹಕ್ಕಿಗಳಿಗೂ ಎಣ್ಣೆ ಬೇಕು. ಬಾಲದ ಬುಡದಲ್ಲಿರುವ ಪುಟ್ಟ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಅವು ಗರಿಗರಿಗೂ ಸವರಿಕೊಳ್ಳುವುದನ್ನು ಯಾರು ಬೇಕಾದರೂ ನೋಡಬಹುದು. ಆದರೆ ಈ ಸ್ನೇಹವೇ, ಭೂಗರ್ಭದಿಂದ ಮೇಲೆ ಬಂದು, ಯಂತ್ರದಲ್ಲಿ ಬೆಂದು, ಹಕ್ಕಿಯೊಂದರ ತತ್ತಿಯನ್ನು ಮುಟ್ಟಿದರೆ ಏನಾಗುವುದು? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತೈಲಮಾಲಿನ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಡಲು. 1967ರ ಮಾರ್ಚಿನಲ್ಲಿ 'ಟಾರಿ ಕ್ಯಾನ್ಯನ್' ಎಂಬ ಹಡಗು ಇಂಗ್ಲೆಂಡಿನ ನೈಋತ್ಯ ತೀರದಾಚೆ ಬಂಡೆಗೆ ಬಡಿದು ಲಕ್ಷ ಟನ್ನಿನಷ್ಟು ಕಚ್ಚಾ ಎಣ್ಣೆಯನ್ನು ಚೆಲ್ಲಿದಾಗ, ಎಣ್ಣೆಯಲ್ಲಿ ಅದ್ದಿ ತೆಗೆದಂತಿದ್ದ ಕಡಲಹಕ್ಕಿಗಳ ಚಿತ್ರಗಳನ್ನು ಜಗತ್ತೇ ಕಂಡಿತು. 1989ರಲ್ಲಿ ಅಲಾಸ್ಕದ ತೀರದಲ್ಲಿ 'ಎಕ್ಸಾನ್ ವಾಲ್ಡೀಸ್' ಅದನ್ನೇ ಮತ್ತೆ ತೋರಿಸಿತು. ನಮ್ಮ ಕರಾವಳಿಗೂ ಈ ವಿಪತ್ತು ಹೊಸತಲ್ಲ. 2006ರ ಮೇ ತಿಂಗಳ ಕೊನೆಯಲ್ಲಿ 'ಓಶನ್ ಸೆರಾಯಾ' ಎಂಬ ಹಡಗು ಕಾರವಾರದ ಬಳಿ ಬಂಡೆಗೇರಿ, ಅದರ ಇಂಧನತೈಲ ಗೋವೆಯ ದಕ್ಷಿಣ ತೀರದವರೆಗೂ ಹರಡಿತು. 2022ರ ಜೂನಿನಲ್ಲಿ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದೆದುರು ಮುಳುಗಿದಾಗ ತೀರದ ಜನ ಅದೇ ಭಯದಿಂದ ಕಾದು ಕುಳಿತರು.

ಆದರೆ ನಾನು ಹೇಳಹೊರಟಿರುವುದು ಕಡಲಿಲ್ಲದ ನಾಡಿನ ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೂ ಕಡಲಿಗೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಇಲ್ಲಿಗೆ ಹಡಗು ಬಾರದು. ಹಡಗೊಡೆದ ಸುದ್ದಿ ಮಾತ್ರ ಬರುವುದು. ಆದರೂ ಎಣ್ಣೆ ಇಲ್ಲಿಗೆ ಬರುತ್ತದೆ. ಡಬ್ಬಿಯಲ್ಲಿ, ಪೀಪಾಯಿಯಲ್ಲಿ, ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಬಂದು ಹನಿಹನಿಯಾಗಿ ನೆಲಕ್ಕಿಳಿಯುತ್ತದೆ. ಅದನ್ನು ಯಾರೂ ವಿಪತ್ತೆಂದು ಕರೆಯುವುದಿಲ್ಲ. ಪತ್ರಿಕೆಯಲ್ಲಿ ಅದು ವರದಿಯಾಗುವುದೂ ಇಲ್ಲ. ಅದರ ಕೇಡು ಎಷ್ಟೆಂಬುದನ್ನು ಅರಿಯಬೇಕಾದರೆ ಮೊದಲು ತತ್ತಿಯೊಂದರ ಒಳಗು ಹೇಗಿದೆಯೆಂಬುದನ್ನು ತಿಳಿಯಬೇಕು.

ತತ್ತಿಯ ಉಸಿರು

ಸಂಸ್ಕೃತದಲ್ಲಿ ಹಕ್ಕಿಗೆ 'ದ್ವಿಜ'ವೆಂಬ ಹೆಸರುಂಟು. ಒಮ್ಮೆ ತತ್ತಿಯಾಗಿ, ಮತ್ತೊಮ್ಮೆ ತತ್ತಿಯೊಡೆದು, ಹೀಗೆ ಎರಡು ಸಲ ಹುಟ್ಟುವುದು ಎಂದು ಅದರ ಅರ್ಥ. ಈ ಎರಡು ಹುಟ್ಟುಗಳ ನಡುವಿನ ಕಾಲವನ್ನು ನಾವು ನಿದ್ರೆಯ ಕಾಲವೆಂದು ತಿಳಿಯುತ್ತೇವೆ. ತತ್ತಿ ಕಲ್ಲಿನಂತೆ ಬಿದ್ದಿರುತ್ತದೆ, ಅಲುಗುವುದಿಲ್ಲ, ಕೂಗುವುದಿಲ್ಲ. ಆದರೆ ಅದು ಉಸಿರಾಡುತ್ತಿರುತ್ತದೆ.

ಕೋಳಿಯ ತತ್ತಿಯ ಓಡಿನಲ್ಲಿ ಸುಮಾರು ಹತ್ತು ಸಾವಿರ ರಂಧ್ರಗಳಿವೆ. ಬರಿಗಣ್ಣಿಗೆ ಕಾಣದ ಈ ದಾರಿಗಳ ಮೂಲಕವೇ ಒಳಗಿನ ಜೀವದ ವ್ಯವಹಾರವೆಲ್ಲ ನಡೆಯುತ್ತದೆ. 60 ಗ್ರಾಮಿನ ಒಂದು ತತ್ತಿ 21 ದಿನಗಳ ಕಾವಿನಲ್ಲಿ ಸುಮಾರು 6 ಲೀಟರ್ ಆಮ್ಲಜನಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಮಾರು ನಾಲ್ಕೂವರೆ ಲೀಟರ್ ಇಂಗಾಲಾಮ್ಲವನ್ನೂ 11 ಲೀಟರಿನಷ್ಟು ನೀರಾವಿಯನ್ನೂ ಹೊರಗೆ ಬಿಡುತ್ತದೆ. ಎರಡನೆಯ ದಿನ ಮುಗಿಯುವಷ್ಟರಲ್ಲಿ ಹೃದಯ ಮಿಡಿಯತೊಡಗಿರುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲನು ದಿನಕ್ಕೊಂದು ತತ್ತಿಯೊಡೆದು ನೋಡಿ, ಬಿಳಿಯ ನಡುವೆ ನೆತ್ತರಿನ ಒಂದು ಚುಕ್ಕೆ ಜೀವವಿರುವಂತೆ ಬಡಿದುಕೊಳ್ಳುತ್ತಿರುವುದನ್ನು ಬರೆದಿಟ್ಟನು. ಮುಂದೆ ಓಡಿನ ಒಳಮೈಗೆ ಅಂಟಿಕೊಂಡು ರಕ್ತನಾಳಗಳಿಂದ ತುಂಬಿದ ಪೊರೆಯೊಂದು ಹರಡುತ್ತದೆ. ಹುಟ್ಟದ ಮರಿಗೆ ಅದೇ ಶ್ವಾಸಕೋಶ.

ಅಂದಮೇಲೆ ಓಡನ್ನು ಎಣ್ಣೆಯಿಂದ ಮುಚ್ಚಿದರೆ ಉಸಿರು ಕಟ್ಟುವುದೆಂದು ಯಾರಾದರೂ ಊಹಿಸಬಹುದು. ಅದು ನಿಜವೂ ಹೌದು. ತಿನ್ನುವ ತತ್ತಿ ಕೆಡದಂತೆ ಅದಕ್ಕೆ ತೆಳುವಾಗಿ ಎಣ್ಣೆ ಸವರುವ ಪದ್ಧತಿಯುಂಟು. ಒಳಗಿನ ತೇವ ಹೊರಗೆ ಹೋಗದಿರಲೆಂದು ಆ ಉಪಾಯ. ಇದೇ ಉಪಾಯವನ್ನು ಕೊಲ್ಲುವುದಕ್ಕೂ ಬಳಸಿದ್ದಾರೆ. ಅಮೆರಿಕದ ಈಶಾನ್ಯ ತೀರದಲ್ಲಿ ಕಡಲಕ್ಕಿಗಳು ಮಿತಿಮೀರಿದುವೆಂದು 1930ರ ದಶಕದಿಂದ ಮೊದಲ್ಗೊಂಡು ಅವುಗಳ ತತ್ತಿಗಳಿಗೆ ಎಣ್ಣೆ ಸಿಂಪಡಿಸುತ್ತಿದ್ದರು. ಒಡೆದೇ ಹಾಕಬಾರದೇಕೆ ಎಂದು ಕೇಳಬಹುದು. ತತ್ತಿ ಒಡೆದರೆ ಹಕ್ಕಿ ಮತ್ತೆ ತತ್ತಿಯಿಡುತ್ತದೆ. ಎಣ್ಣೆ ಸವರಿದರೆ ಸತ್ತ ತತ್ತಿಯನ್ನೇ ಜೀವವಿದೆಯೆಂದು ನಂಬಿ, ದಿನ ಮೀರಿದರೂ ಏಳದೆ, ಕಾವು ಕೊಡುತ್ತ ಕುಳಿತಿರುತ್ತದೆ. ಹಕ್ಕಿಯ ನಂಬಿಕೆಯನ್ನೇ ಹಕ್ಕಿಯ ಮೇಲೆ ತಿರುಗಿಸಿದ ಉಪಾಯವಿದು.

ಹನಿಯ ಹತ್ತನೆಯ ಪಾಲು

ಬಹುಕಾಲ ವಿಜ್ಞಾನಿಗಳೂ ಎಣ್ಣೆಯ ಕೇಡು ಇಷ್ಟೇ ಎಂದು ತಿಳಿದಿದ್ದರು: ರಂಧ್ರ ಮುಚ್ಚುತ್ತದೆ, ಉಸಿರು ಕಟ್ಟುತ್ತದೆ. 1970ರ ದಶಕದಲ್ಲಿ ಮೇರಿಲೆಂಡಿನ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಪೀಟರ್ ಆಲ್ಬರ್ಸ್, ರಾಬರ್ಟ್ ಸ್ಜಾರೊ, ಡೇವಿಡ್ ಹಾಫ್‌ಮನ್ ಮೊದಲಾದವರು ನಡೆಸಿದ ಪ್ರಯೋಗಗಳು ಈ ತಿಳಿವಳಿಕೆಯನ್ನು ತಿದ್ದಿದುವು. ಅವರು ಕಾಡುಬಾತಿನ ತತ್ತಿಗಳ ಮೇಲೆ ಅತ್ಯಲ್ಪ ಪ್ರಮಾಣದ ಇಂಧನತೈಲವನ್ನು ಇಟ್ಟರು. ಅಲ್ಪವೆಂದರೆ ಎಷ್ಟು? ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು ಮೈಕ್ರೋಲೀಟರ್. ನಾವು ಹನಿಯೆನ್ನುವುದರಲ್ಲಿ ಅಂಥವು ಸುಮಾರು ಐವತ್ತು ಇರುತ್ತವೆ. ಒಂದರಿಂದ ಇಪ್ಪತ್ತು ಮೈಕ್ರೋಲೀಟರ್ ಎಣ್ಣೆಯೇ ಭ್ರೂಣಕ್ಕೆ ಮಾರಕವಾಗಬಲ್ಲುದೆಂದು ಈ ಪ್ರಯೋಗಗಳಿಂದ ತಿಳಿಯಿತು. ಐದು ಮೈಕ್ರೋಲೀಟರ್, ಎಂದರೆ ಹನಿಯ ಹತ್ತನೆಯ ಪಾಲು, ಓಡಿನ ಮೇಲೆ ಒಂದು ಸಣ್ಣ ಕಲೆಯಷ್ಟೇ ಆಗುತ್ತದೆ. ಅದು ಹತ್ತು ಸಾವಿರ ರಂಧ್ರಗಳನ್ನು ಮುಚ್ಚಲಾರದು.

ಹಾಗಾದರೆ ಕೊಂದದ್ದು ಯಾವುದು? ಇದನ್ನರಿಯಲು ಅವರು ಬೇರೆ ತತ್ತಿಗಳ ಮೇಲೆ ಪ್ಯಾರಾಫಿನ್ ಜಾತಿಯ ಶುದ್ಧ ಸಂಯುಕ್ತಗಳ ಮಿಶ್ರಣವನ್ನು ಇಟ್ಟು ನೋಡಿದರು. ಆ ತತ್ತಿಗಳಿಗೆ ಅಂಥ ಹಾನಿಯಾಗಲಿಲ್ಲ. ಮುಚ್ಚುವ ಗುಣ ಎರಡಕ್ಕೂ ಇತ್ತು. ಕೊಲ್ಲುವ ಗುಣ ಒಂದಕ್ಕೇ ಇತ್ತು. ಬೆಂಜೀನಿನ ಉಂಗುರಗಳು ಒಂದಕ್ಕೊಂದು ಹೆಣೆದುಕೊಂಡ ಆರೋಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೇ ಆ ವಿಷವೆಂದು ಕಂಡುಬಂದಿತು. ಅವು ಕೊಬ್ಬಿನಲ್ಲಿ ಕರಗುತ್ತವೆ. ಓಡಿನ ರಂಧ್ರಗಳಲ್ಲಿ ಇಳಿದು, ಪೊರೆಗಳನ್ನು ದಾಟಿ, ಭ್ರೂಣವನ್ನು ಸೇರುತ್ತವೆ. ಕಾವಿನ ಮೊದಲ ದಿನಗಳಲ್ಲಿ, ಅವಯವಗಳು ಮೈದಾಳುವ ಹೊತ್ತಿನಲ್ಲಿ, ಅಪಾಯ ಅತ್ಯಧಿಕ. ಬದುಕುಳಿದ ಭ್ರೂಣಗಳಲ್ಲಿಯೂ ಕೆಲವಕ್ಕೆ ಬೆಳವಣಿಗೆ ಕುಂಠಿತವಾಗಿತ್ತು. ಕೆಲವಕ್ಕೆ ಕೊಕ್ಕು ಅಥವಾ ಕಣ್ಣು ವಿಕಾರವಾಗಿತ್ತು. ಬಿಸಿಲುಗಾಳಿಗೆ ಬಹುದಿನ ಹಳಸಿದ ಎಣ್ಣೆಯ ವಿಷ ತಗ್ಗುವುದೆಂಬುದನ್ನೂ ಇಲ್ಲಿ ಹೇಳಬೇಕು. ಹೊಸದಾಗಿ ಚೆಲ್ಲಿದ ಎಣ್ಣೆಯೇ ಹೆಚ್ಚು ಕ್ರೂರಿ.

ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗವನ್ನು ಹಾಫ್‌ಮನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಅವರು ಎತ್ತಿಕೊಂಡದ್ದು ಕಡಲಿನ ಕಚ್ಚಾ ಎಣ್ಣೆಯನ್ನಲ್ಲ, ಮೋಟಾರಿನ ಎಂಜಿನ್ನಿನಲ್ಲಿ ದುಡಿದು ಕಪ್ಪಾದ ಎಣ್ಣೆಯನ್ನು. ಬಳಸದ ಹೊಸ ಎಂಜಿನ್ ಎಣ್ಣೆ ತತ್ತಿಗಳಿಗೆ ಅಷ್ಟಾಗಿ ಕೆಡುಕು ಮಾಡಲಿಲ್ಲ. ಬಳಸಿ ಬಿಸಾಡಿದ ಎಣ್ಣೆ ಅದೇ ಪ್ರಮಾಣದಲ್ಲಿ ಭ್ರೂಣಗಳನ್ನು ಕೊಂದಿತು. ಎಂಜಿನ್ನಿನ ಬೆಂಕಿಯಲ್ಲಿ ಬೇಯುತ್ತ ಎಣ್ಣೆ ಆ ಉಂಗುರದ ಸಂಯುಕ್ತಗಳನ್ನು ತನ್ನೊಳಗೆ ಕೂಡಿಹಾಕಿಕೊಳ್ಳುತ್ತದೆ. ಆ ಕಾಲದ ಎಣ್ಣೆಯಲ್ಲಿ ಪೆಟ್ರೋಲಿನಿಂದ ಬಂದ ಸೀಸವೂ ಇತ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು 2000ದ ಇಸವಿಯಲ್ಲಿ ನಿಂತಿತು. ಆದರೆ ಎಂಜಿನ್ನಿನಲ್ಲಿ ಹುಟ್ಟುವ ಉಂಗುರದ ವಿಷ ನಿಂತಿಲ್ಲ.

ಎದೆಯ ತೇವ

ಇಷ್ಟು ತಿಳಿದ ಮೇಲೆ ಒಂದು ಸಂದೇಹ ಏಳುವುದು ಸಹಜ. ಯಾರೂ ಹೊಲಕ್ಕೆ ಹೋಗಿ ತತ್ತಿಗೆ ಎಣ್ಣೆ ಸವರುವುದಿಲ್ಲ. ತತ್ತಿ ತಾನಾಗಿ ಎಣ್ಣೆಯಿರುವಲ್ಲಿಗೆ ಉರುಳಿ ಹೋಗುವುದಿಲ್ಲ. ಅವೆರಡನ್ನೂ ಕೂಡಿಸುವವರು ಯಾರು? ಕಾವಿಗೆ ಕೂಡುವ ಹಕ್ಕಿಯೇ. 1965ರಲ್ಲಿ ಅಮೆರಿಕದ ರೋಲ್ಫ್ ಹಾರ್ಟುಂಗ್ ಎಂಬ ವಿಜ್ಞಾನಿ, ಗರಿಗೆ ಎಣ್ಣೆ ಮೆತ್ತಿದ ಬಾತುಗಳು ಕಾವಿಗೆ ಕುಳಿತರೆ ತತ್ತಿಗಳು ಮರಿಯಾಗುವುದು ಬಹಳ ಕಡಿಮೆಯಾಗುವುದೆಂದು ತೋರಿಸಿದ್ದನು. ಅನಂತರ ಟೆಕ್ಸಾಸಿನ ಕಡಲಕ್ಕಿಗಳಲ್ಲಿಯೂ ಇದೇ ಕಂಡುಬಂದಿತು. ಎಣ್ಣೆಯ ದಪ್ಪ ಪದರವಿದ್ದ ನೀರಿನಲ್ಲಿ ಈಜಿ ಬಂದ ಬಾತುಗಳ ತತ್ತಿಗಳೂ ಹೆಚ್ಚಾಗಿ ಸತ್ತುವೆಂದು ಆಲ್ಬರ್ಸ್ 1980ರಲ್ಲಿ ಬರೆದನು.

ಬಾತು ಈಜುವ ಹಕ್ಕಿ. ಕೃಷ್ಣೆಯ ದಂಡೆಯ ಹೊಲಗಳಲ್ಲಿರುವ ಟಿಟ್ಟಿಭ ಈಜುವುದಿಲ್ಲ. ಆದರೆ ಅದಕ್ಕೆ ನೀರಿನೊಡನೆ ಇನ್ನೊಂದು ಬಗೆಯ ನಂಟುಂಟು.

ಟಿಟ್ಟಿಭವನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಗಡಿಯ ಮರಾಠಿ ಮಾತಿನಲ್ಲಿ ಅದು 'ಟಿಟವಿ'. ಹಗಲಿರುಳೆನ್ನದೆ ಹೊಲದ ಮೇಲೆ ಚೀರುತ್ತ ಸುತ್ತುವ ಉದ್ದಗಾಲಿನ ಹಕ್ಕಿ. ಅದು ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕಾರು ಹರಳು, ನಡುವೆ ಚೂಪುತುದಿಗಳನ್ನು ಒಳಕ್ಕೆ ಮಾಡಿಕೊಂಡ ನಾಲ್ಕು ತತ್ತಿಗಳು. ಅವೂ ಮಣ್ಣಿನ ಬಣ್ಣದವೇ. ಮಾರ್ಚಿನಿಂದ ಮುಂಗಾರಿನವರೆಗೆ ಅದು ತತ್ತಿಯಿಡುವ ಕಾಲ. ಅದೇ ಅಥಣಿಯ ಎರೆನೆಲ ಬಿರಿದು ಬಾಯಿಬಿಡುವ ಕಾಲ. ಮಧ್ಯಾಹ್ನದ ನೆಲದಲ್ಲಿ ಬರಿಗಾಲಿಡಲಾಗದು. ಆಗ ತತ್ತಿಗೆ ಬೇಕಾದುದು ಕಾವಲ್ಲ, ತಂಪು. ಟಿಟ್ಟಿಭ ಏನು ಮಾಡುತ್ತದೆ? ತತ್ತಿಯನ್ನು ಬಿಟ್ಟು ಹತ್ತಿರದ ನೀರಿಗೆ ಹೋಗಿ, ಎದೆ ಹೊಟ್ಟೆಗಳ ಗರಿಗಳನ್ನು ಚೆನ್ನಾಗಿ ತೋಯಿಸಿಕೊಂಡು, ತೊಟ್ಟಿಕ್ಕುತ್ತಲೇ ಮರಳಿ ಬಂದು ತತ್ತಿಗಳ ಮೇಲೆ ಕೂಡುತ್ತದೆ. ಗಂಡೂ ಹೆಣ್ಣೂ ಸರದಿಯಂತೆ ಈ ಕೆಲಸ ಮಾಡುತ್ತವೆ. ಬಿಸಿಲು ಹೆಚ್ಚಿದಷ್ಟೂ ಈ ಓಡಾಟ ಹೆಚ್ಚು. ಹೊಳೆಯ ಮರಳದಿನ್ನೆಗಳಲ್ಲಿ ತತ್ತಿಯಿಡುವ ರೀವ ಹಕ್ಕಿಗಳಲ್ಲಿಯೂ ಈ ಪದ್ಧತಿಯುಂಟು.

ಹಕ್ಕಿಯ ಲೋಕದಲ್ಲಿ ಇದಕ್ಕಿಂತ ನಿಚ್ಚಳವಾದ ವಾತ್ಸಲ್ಯವನ್ನು ನಾನು ಕಂಡಿಲ್ಲ. ನೀರು ತಿಳಿಯಾಗಿದ್ದರೆ ಅದು ತತ್ತಿಗೆ ಜೀವದಾನ. ನೀರಿನ ಮೇಲೆ ಎಣ್ಣೆಯಿದ್ದರೆ, ಎಣ್ಣೆಯಲ್ಲವೇ ಮೊದಲು ಗರಿಗೆ ಹತ್ತುವುದು? ಹಕ್ಕಿ ತಂಪೆಂದು ತಂದು ಹನಿಸುವುದರಲ್ಲಿ ವಿಷವೂ ಸೇರಿರುತ್ತದೆ. ಒಂದೇ ಶಬ್ದದಲ್ಲಿ ಅಡಗಿದ್ದ ಎರಡು ಅರ್ಥಗಳು ಇಲ್ಲಿ ಒಂದನ್ನೊಂದು ಕೊಲ್ಲುತ್ತವೆ.

ಹೊಳೆಸಾಲಿನ ಕರಿಯೆಣ್ಣೆ

ಈಗ ನಮ್ಮ ಐದು ತಾಲೂಕುಗಳತ್ತ ನೋಡೋಣ. ಕೃಷ್ಣೆ ಯಡೂರು, ಅಂಕಲಿ, ಮಾಂಜರಿಗಳನ್ನು ಮುಟ್ಟಿ, ಉಗಾರ ಕುಡಚಿಗಳ ನಡುವೆ ಹಾದು ಪೂರ್ವಕ್ಕೆ ಹೋಗುತ್ತಾಳೆ. ದೂಧಗಂಗೆ ವೇದಗಂಗೆಗಳು ನಿಪ್ಪಾಣಿ ಚಿಕ್ಕೋಡಿಗಳ ನೆಲವನ್ನು ತೋಯಿಸಿ ಅವಳನ್ನು ಕೂಡುತ್ತವೆ. ಈ ನೀರಿನಿಂದ ಕಬ್ಬು ಬೆಳೆಯಿತು. ಕಬ್ಬಿನಿಂದ ಸಕ್ಕರೆಯ ಕಾರಖಾನೆಗಳು ಎದ್ದುವು. ಅವುಗಳಿಗೆ ಕಬ್ಬು ಸಾಗಿಸಲು ಟ್ರ್ಯಾಕ್ಟರುಗಳು ಬಂದುವು. ಕೀಲೆಣ್ಣೆಯ ಬಂಡಿಯಿದ್ದೆಡೆ ಇಂದು ಡೀಸೆಲ್ಲಿನ ಟ್ರಾಲಿ ನಿಂತಿದೆ. ಇದರಿಂದ ರೈತನ ಬದುಕು ಹಸನಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಟ್ರ್ಯಾಕ್ಟರಿನ ಎಂಜಿನ್ನಿಗೆ ಏಳೆಂಟು ಲೀಟರ್ ಎಣ್ಣೆ ಬೇಕು. ಇಷ್ಟು ತಾಸು ದುಡಿದ ಮೇಲೆ ಅದನ್ನು ತೆಗೆದು ಹೊಸತು ಹಾಕಬೇಕು. ಕಬ್ಬಿನ ಹಂಗಾಮು ಮುಗಿದು ಬಂಡಿಗಳೆಲ್ಲ ರಿಪೇರಿಗೆ ನಿಲ್ಲುವುದು ಬೇಸಗೆಯಲ್ಲಿ. ಟಿಟ್ಟಿಭ ತತ್ತಿಯಿಡುವುದೂ ಬೇಸಗೆಯಲ್ಲಿ.

ಹೊಳೆಸಾಲಿನ ಒಂದು ಊರಿನ ಬಳಿ ಟ್ರ್ಯಾಕ್ಟರು ತೊಳೆಯುವ ಹಳ್ಳದ ಮಡುವೊಂದನ್ನು ನಾನು ಬಲ್ಲೆ. ಏಪ್ರಿಲ್ ತಿಂಗಳಲ್ಲಿ ಹಳ್ಳ ಬತ್ತಿ ಅದೊಂದೇ ನೀರಿರುವ ತಾಣವಾಗುತ್ತದೆ. ಅದರ ಅಂಚಿನಲ್ಲಿ ಕಪ್ಪು ಜಿಡ್ಡು, ನಡುವೆ ಕಾಮನಬಿಲ್ಲಿನ ಬಣ್ಣ. ಒಂದು ಟಿಟ್ಟಿಭ ಆ ಕಪ್ಪಂಚಿನಲ್ಲಿಯೇ ಇಳಿದು, ಎದೆಯನ್ನು ನೀರಿಗೊತ್ತಿ, ಎರಡು ಸಲ ಮೈ ಅಲುಗಿಸಿ, ಬದುವಿನಾಚೆಯ ತನ್ನ ತತ್ತಿಗಳತ್ತ ಓಡಿದುದನ್ನು ನಾನು ನೋಡಿದ್ದೇನೆ. ಹಕ್ಕಿ ಎದ್ದಾಗ ದೂರದಿಂದಲೇ ಕಂಡೆ: ನಾಲ್ಕು ತತ್ತಿಗಳಲ್ಲಿ ಎರಡರ ಮೇಲೆ, ಬೆರಳಿನಿಂದ ಒರಸಿದಂತೆ, ಕಂದುಗಪ್ಪು ಗೀರುಗಳಿದ್ದುವು. ಬಳಿಯಲ್ಲಿಯೇ ಎಂಜಿನ್ನಿನ ಎಣ್ಣೆ ಬಸಿಯುತ್ತಿದ್ದ ರೈತರೊಬ್ಬರನ್ನು, ಈ ಎಣ್ಣೆ ಎಲ್ಲಿಗೆ ಹೋಗುವುದೆಂದು ಕೇಳಿದೆ. "ಎಲ್ಲಿ ಹೋಗತೈತ್ರಿ ಮಾಸ್ತರ, ಇಲ್ಲೇ ಇಂಗತೈತಿ. ಮಿರಗದ ಮಳಿ ಬಂದ್ರ ಎಲ್ಲಾ ತೊಳದ ಹೊಳಿಗಿ ಹೊಕ್ಕೈತಿ" ಎಂದರು. ಅವರ ಮಾತಿನಲ್ಲಿ ಅಸಡ್ಡೆಯಿರಲಿಲ್ಲ. ಮಳೆ ಎಲ್ಲವನ್ನೂ ತೊಳೆಯುವುದೆಂಬ, ತಲೆಮಾರುಗಳಿಂದ ಬಂದ ವಿಶ್ವಾಸವಿತ್ತು. ಸೆಗಣಿಗೂ ಬೂದಿಗೂ ಅದು ನಿಜವಾಗಿತ್ತು.

ನೀರಿನ ಮೇಲಿನ ಆ ಬಣ್ಣದ ಪದರ ಎಷ್ಟು ದಪ್ಪವಿರಬಹುದು? ಕಾಮನಬಿಲ್ಲು ತೋರುವ ಎಣ್ಣೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಆ ಲೆಕ್ಕದಂತೆ ಅಂಗೈಗಿಂತ ಕಿರಿದಾದ ನೀರಿನ ಮೇಲೆ ಐದು ಮೈಕ್ರೋಲೀಟರ್ ಎಣ್ಣೆಯಿರುತ್ತದೆ. ಅದೆಲ್ಲವೂ ಗರಿಗೆ ಹತ್ತುವುದಿಲ್ಲ. ಹತ್ತಿದುದೆಲ್ಲ ತತ್ತಿಗೆ ಇಳಿಯುವುದಿಲ್ಲ. ಆದರೆ ಹಕ್ಕಿ ನೀರಿಗೆ ಹೋಗುವುದು ಒಂದು ಸಲವಲ್ಲ. ನಾಲ್ಕು ವಾರಗಳ ಕಾವಿನ ಉದ್ದಕ್ಕೂ, ಉರಿಬಿಸಿಲಿನ ಪ್ರತಿದಿನವೂ, ಮತ್ತೆ ಮತ್ತೆ ಹೋಗುತ್ತದೆ. ಅಂಚಿನ ಕಪ್ಪು ಜಿಡ್ಡಾದರೋ ಆ ಬಣ್ಣದ ಪದರಕ್ಕಿಂತ ಎಷ್ಟೋ ಪಟ್ಟು ದಪ್ಪ.

ತತ್ತಿಗೆ ಎಣ್ಣೆಯೊಂದೇ ಶತ್ರುವಲ್ಲ. ನಾಯಿ, ಕಾಗೆ, ಮುಂಗುಸಿ, ದನದ ಗೊರಸು, ನೇಗಿಲು ಎಲ್ಲವೂ ಇವೆ. ಹೊಳೆಯ ದಿನ್ನೆಗಳಿಂದ ಮರಳು ತೆಗೆಯುವುದು, ಬ್ಯಾರೇಜಿನಿಂದ ಇದ್ದಕ್ಕಿದ್ದಂತೆ ನೀರು ಬಿಡುವುದು ರೀವಗಳ ಪಾಲಿಗೆ ಇನ್ನೂ ದೊಡ್ಡ ಕುತ್ತು. ನದಿಯ ರೀವ ಇಂದು ಜಗತ್ತಿನ ಅಪಾಯಕ್ಕೀಡಾದ ಜಾತಿಗಳ ಪಟ್ಟಿಯಲ್ಲಿ ಸೇರಿದೆ. ಆದರೆ ನಾಯಿ ಬಂದರೆ ಟಿಟ್ಟಿಭ ಚೀರಬಲ್ಲುದು, ಮೇಲೆರಗಬಲ್ಲುದು. ದನ ಬಂದರೆ ರೆಕ್ಕೆ ಹರಡಿ ಎದುರು ನಿಲ್ಲಬಲ್ಲುದು. ತನ್ನ ಎದೆಗೇ ಅಂಟಿಬಂದ ಶತ್ರುವಿನೆದುರು ಅದು ಏನು ಮಾಡೀತು?

ಗರುಡನಿಲ್ಲದ ದೂರು

ಇದಕ್ಕೆ ಪರಿಹಾರ ಕಠಿಣವಾದುದಲ್ಲ. ಬಳಸಿದ ಎಣ್ಣೆ ಕಸವಲ್ಲ. ಅದನ್ನು ಮತ್ತೆ ಶುದ್ಧೀಕರಿಸಿ ಬಳಸಬಹುದು. 2016ರ ಕೇಂದ್ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, ನೋಂದಾಯಿತ ಶುದ್ಧೀಕರಣ ಘಟಕಗಳಿಗೇ ಅದು ಸೇರಬೇಕೆಂದು ವಿಧಿಸಿವೆ. 2024ರ ಏಪ್ರಿಲಿನಿಂದ ಎಣ್ಣೆ ತಯಾರಿಸಿ ಮಾರುವವರೇ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂಬ ಕಟ್ಟಳೆಯೂ ಬಂದಿದೆ. ಆದರೆ ಕಟ್ಟಳೆ ದಿಲ್ಲಿಯಿಂದ ಹೊಳೆಸಾಲಿನ ಹಳ್ಳದವರೆಗೆ ನಡೆದು ಬರಬೇಕಾದರೆ ನಡುವೆ ಕೈಗಳು ಬೇಕು. ಊರಿನ ಸಹಕಾರಿ ಸಂಘದ ಅಂಗಳದಲ್ಲಿ ಒಂದು ಮುಚ್ಚಳದ ಪೀಪಾಯಿ, ಬಸಿಯುವಾಗ ಕೆಳಗಿಡಲು ಒಂದು ತಗಡಿನ ಬುಟ್ಟಿ, ಬಂಡಿ ತೊಳೆಯಲು ಮಡುವಿನಿಂದ ದೂರದ ಒಂದು ತಾಣ, ಇಷ್ಟೇ ಸಾಕು. ಶಾಲೆಯ ಮಾಸ್ತರರು ಒಂದು ಬೇಸಗೆ ಹುಡುಗರನ್ನು ಕರೆದೊಯ್ದು, ದೂರದಲ್ಲಿ ನಿಂತು, ಟಿಟ್ಟಿಭ ಎದೆ ತೋಯಿಸಿಕೊಂಡು ಓಡುವುದನ್ನು ತೋರಿಸಿದರೆ ಅದೇ ದೊಡ್ಡ ಪಾಠ. ಅದನ್ನು ಕಂಡ ಹುಡುಗ ಮುಂದೆ ಟ್ರ್ಯಾಕ್ಟರಿನ ಒಡೆಯನಾದಾಗ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಲಾರನೆಂದು ನನ್ನ ನಂಬಿಕೆ.

ಪಂಚತಂತ್ರದ ಟಿಟ್ಟಿಭದ ಕಥೆಯನ್ನು ವಾಚಕರು ಬಲ್ಲರು. ಕಡಲ ತಡಿಯಲ್ಲಿ ಟಿಟ್ಟಿಭದ ಜೋಡಿಯೊಂದು ತತ್ತಿಯಿಟ್ಟಿತು. ಕಡಲು ಸೊಕ್ಕಿನಿಂದ ಅವನ್ನು ಅಪಹರಿಸಿತು. ಹಕ್ಕಿಗಳೆಲ್ಲ ಕೂಡಿ ಗರುಡನಲ್ಲಿ ಮೊರೆಯಿಟ್ಟುವು. ಗರುಡನು ವಿಷ್ಣುವಿಗೆ ದೂರಿತ್ತನು. ವಿಷ್ಣುವಿಗಂಜಿ ಸಮುದ್ರವು ತತ್ತಿಗಳನ್ನು ಮರಳಿಸಿತು. ಅಲ್ಲಿ ಕಳ್ಳನು ಎದುರಿಗಿದ್ದನು, ಅಪರಾಧವೂ ಪ್ರಕಟವಾಗಿತ್ತು. ಹಕ್ಕಿಗೆ ತನ್ನ ತತ್ತಿ ಹೋಯಿತೆಂಬುದು ಗೊತ್ತಿತ್ತು. ಹೊಳೆಸಾಲಿನ ಟಿಟ್ಟಿಭಕ್ಕೆ ಅಷ್ಟೂ ಗೊತ್ತಾಗುವುದಿಲ್ಲ. ತತ್ತಿ ಇದ್ದಲ್ಲಿಯೇ ಇರುತ್ತದೆ. ಹಕ್ಕಿ ಅದರ ಮೇಲೆ ಕುಳಿತೇ ಇರುತ್ತದೆ. ಅದರ ಪರವಾಗಿ ದೂರು ಕೊಡಬೇಕಾದವರೂ ನಾವೇ, ಆ ದೂರನ್ನು ಕೇಳಿ ತಿದ್ದಿಕೊಳ್ಳಬೇಕಾದವರೂ ನಾವೇ.